ಮೇಲಿನ ಮನೆಯ ಸುಳಿವು

‘ತಲೆ ಹೋದ ಸಂಸಾರದಲ್ಲಿ ತಿರುಳು. ಎರಡಕ್ಷರ,’ ಎಂದು ವಿಶ್ವರಾಧ್ಯ ಸ್ವಲ್ಪ ಗಟ್ಟಿಯಾಗಿಯೇ ಓದಿದ. ಜೈಭೀಮ ಸ್ಟಾಫ್ ರೂಮಿನ ಹೊಸ್ತಿಲು ದಾಟುವ ಮೊದಲೇ ಓದಿದ. ಅವನು ಕೇಳಲಿರುವ ಮಾತಿಗೆ ಸಂದು ಸಿಗಬಾರದಿತ್ತು.

ಜೈಭೀಮ ಚೀಲ ಇಳಿಸಿ ಎದುರಿನ ಕುರ್ಚಿಯಲ್ಲಿ ಕೂತ. ಯಾದಗಿರಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

‘ಸಂಸಾರದಾಗಿನ ಸಂ ತಗದ್ರ ಸಾರ,’ ಎಂದ. ‘ಮನಿ ವಿಷಯ ಏನಾತ್ರಿ ಸರ್?’

‘ಹೇಳ್ತೀನಿ. ಇದೊಂದು ನೋಡ್ರಿ. ಯಾವಾಗಲೂ ತಿರುಗಿ ನಿಂತ ಆಳು. ಇದೂ ಎರಡಕ್ಷರ.’

ಶಹಾಪುರದ ಆ ಕಾಲೇಜಿನಲ್ಲಿ ವಿಶ್ವರಾಧ್ಯ ಕನ್ನಡ ಕಲಿಸುತ್ತಿದ್ದ, ಜೈಭೀಮ ಅರ್ಥಶಾಸ್ತ್ರ. ಇಬ್ಬರನ್ನೂ ಕೂಡಿಸಿದ್ದು ಪತ್ರಿಕೆಯ ಗೂಢ ಪದಬಂಧ. ಸುಳಿವು ಹೇಳುವುದು ಒಂದು, ಅದರ ಹೊಟ್ಟೆಯಲ್ಲಿರುವುದು ಇನ್ನೊಂದು. ಬಿಡಿಸುವುದಕ್ಕಿಂತ ಬಿಡಿಸಿ ಹೇಳುವುದೇ ವಿಶ್ವರಾಧ್ಯನಿಗೆ ಇಷ್ಟ. ಕೇಳಲು ಜೈಭೀಮನಷ್ಟು ಚುರುಕು ಕಿವಿ ಕಾಲೇಜಿನಲ್ಲಿ ಬೇರೆ ಇರಲಿಲ್ಲ. ಒಂದೇ ಪೆನ್ನು ಇಬ್ಬರ ಕೈಯಲ್ಲಿ ಓಡಾಡುವುದನ್ನು ನೋಡಿ, ತಾನು ಜಾತಿಯನ್ನು ಎಂದೋ ದಾಟಿಬಿಟ್ಟಿದ್ದೇನೆಂದು ವಿಶ್ವರಾಧ್ಯ ಒಳಗೊಳಗೇ ಬೀಗುತ್ತಿದ್ದ.

ಆ ಹುರುಪಿನಲ್ಲಿಯೇ ಹೋದ ವಾರ, ‘ನಮ್ಮ ಮ್ಯಾಲಿನ ಮನಿ ಖಾಲಿ ಅದ, ಬಂದು ನೋಡ್ರಿ,’ ಎಂದುಬಿಟ್ಟಿದ್ದ. ಜೈಭೀಮನ ಹೆಂಡತಿ ಸುಮಂಗಲಾ ಶಹಾಪುರದ ಹತ್ತಿರದ ಗೋಗಿಯ ಶಾಲೆಯಲ್ಲಿ ಟೀಚರ್. ತುಂಬಿದ ಬಸುರಿ. ದಿನವೂ ಯಾದಗಿರಿಯಿಂದ ಬಸ್ಸು, ಮುಂದೆ ಶೇರ್ ಆಟೊ. ಇನ್ನು ಈ ಓಡಾಟ ಕೂಡದೆಂದು ಡಾಕ್ಟರು ಹೇಳಿದ್ದರು.

ನಿನ್ನೆ ಸಂಜೆ ಇಬ್ಬರೂ ಬಂದು ಮನೆ ನೋಡಿದರು. ಸುಮಂಗಲಾ ಅಡುಗೆಮನೆಯ ಕಿಟಕಿ ತೆರೆದು, ‘ಗಾಳಿ ಚಲೋ ಬರ್ತದ,’ ಎಂದು ನಕ್ಕಳು. ವಿಶ್ವರಾಧ್ಯನ ಹೆಂಡತಿ ಸೌಭಾಗ್ಯ ಚಹಾ ಕೊಟ್ಟು ಇಬ್ಬರ ಹೆಸರು ಕೇಳಿದಳು. ಹೆಸರು ಕೇಳಿದ ಮೇಲೆ ಬೇರೇನನ್ನೂ ಕೇಳಲಿಲ್ಲ. ಅವರು ಹೋದ ಮೇಲೆ, ‘ಆಗಂಗಿಲ್ಲ,’ ಎಂದಳು. ಅವನೂ ಯಾಕೆಂದು ಕೇಳಲಿಲ್ಲ.

‘ದಾಸ,’ ಎಂದ ಜೈಭೀಮ. ‘ಯಾವಾಗಲೂ ಅಂದ್ರ ಸದಾ. ತಿರುಗಿಸಿದ್ರ ದಾಸ. ಅಕ್ಕಾರು ಏನಂದ್ರು?’

ಮುಂದಿದ್ದ ಚಹಾ ಕೆನೆಗಟ್ಟಿತ್ತು. ವಿಶ್ವರಾಧ್ಯ ಕುಡಿಯಹೋದ, ಕೆನೆ ತುಟಿಗೆ ಅಂಟಿತು. ಒರೆಸಿಕೊಂಡರೆ ಮೀಸೆಗೆ ಹತ್ತಿತು.

‘ಅಕಿ ತಮ್ಮ ಬರ್ತಾನಂತ್ರಿ ಇರಾಕ. ಸುರಪುರದಿಂದ ಇಲ್ಲಿಗಿ ವರ್ಗ ಆಗೇದ.’

‘ಬಟ್ಟಿ ಅಂಗಡಿ ಇಟ್ಟಾರಲ್ರಿ, ಅವ್ರೇನ್ರಿ?’

ಅಂಗಿ ಕೊಳ್ಳಲು ಆ ಅಂಗಡಿಗೆ ಜೈಭೀಮನನ್ನು ಕರೆದುಕೊಂಡು ಹೋದವನು ವಿಶ್ವರಾಧ್ಯನೇ.

‘ಹಾಂ… ಅವನೇ.’

‘ಬಟ್ಟಿ ಅಂಗಡಿಗೂ ವರ್ಗ ಆಗ್ತದೇನ್ರಿ?’

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಆಗಬಹುದಿತ್ತು. ವಿಶ್ವರಾಧ್ಯನ ಬೆರಳು ತಾನಾಗಿಯೇ ಪತ್ರಿಕೆಯ ಮೇಲೆ ಓಡಿ ಬೆಳಿಗ್ಗೆಯಿಂದ ಕಾಯ್ದಿಟ್ಟಿದ್ದ ಸುಳಿವಿಗೆ ಬಂದು ನಿಂತಿತು.

‘ಇದು ಭಾಳ ಬಿಗಿ ಅದ ನೋಡ್ರಿ. ಭಲೆ! ಗಣಪನ ಹುಲ್ಲು ಹೊಟ್ಟೆ ತೊಳಸುತ್ತದೆ. ನಾಲ್ಕಕ್ಷರ. ಭಲೆ ಅಂದ್ರ ವಾ. ಗಣಪಗ ಏರಿಸೋ ಹುಲ್ಲು ಗರಿಕೆ, ಅಂದ್ರ ಕರಿಕೆ. ಎರಡೂ ಕೂಡಿಸಿದ್ರ…’

ಅವನ ಬೆರಳು ಮತ್ತೆ ಮೀಸೆಯ ಕೆನೆಗೆ ಹೋಯಿತು.

‘ವಾಕರಿಕೆ,’ ಎಂದು ಜೈಭೀಮ ಮುಗಿಸಿದ. ಪೆನ್ನು ತೆಗೆದುಕೊಂಡು ಮನೆಗೊಂದು ಅಕ್ಷರದಂತೆ ತುಂಬಿದ. ಮುಚ್ಚಳ ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟ. ‘ಸರ್, ಮನಿ ಹುಡುಕಿ ಹುಡುಕಿ ನಮಗ ಈ ಆಟ ರೂಢಿ ಆಗೇದರಿ. ಮನ್ಯಾಗ ಮುದುಕಿ ಮಡಿ ಮಾಡ್ತಾಳ ಅಂದ್ರೂ ಅದೇ ಉತ್ತರ, ತಮ್ಮ ಬರ್ತಾನ ಅಂದ್ರೂ ಅದೇ ಉತ್ತರ. ನೀವಾದ್ರೂ ನೆಟ್ಟಗ ಹೇಳ್ತೀರಿ ಅಂದ್ಕೊಂಡಿದ್ದೆ.’

‘ಹಂಗಲ್ರಿ. ನೀವು ತಪ್ಪು ತಿಳಕೋಬ್ಯಾಡ್ರಿ.’

‘ಇಲ್ರಿ. ಸರಿಯಾಗೇ ತಿಳಕೊಂಡೀನಿ.’

ಗಂಟೆ ಹೊಡೆಯಿತು. ಜೈಭೀಮ ಚೀಲ ಹೆಗಲಿಗೇರಿಸಿ ಕ್ಲಾಸಿಗೆ ಹೋದ.

ವಿಶ್ವರಾಧ್ಯ ತುಂಬಿದ ಚೌಕಗಳನ್ನೇ ನೋಡುತ್ತ ಕೂತ. ವಿವರಣೆ ಮಾತ್ರ ಚೊಕ್ಕವಾಗಿತ್ತು ಎಂದು ಮನಸ್ಸಿನ ಒಂದು ಮೂಲೆ ಆಗಲೂ ಖುಷಿಪಡುತ್ತಿತ್ತು. ಆ ಮೂಲೆಯ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೇಸಿಗೆಪಡಬಲ್ಲೆನಲ್ಲ ಎಂದು ತುಸು ಹೆಮ್ಮೆಯಾಯಿತು. ಹೆಮ್ಮೆ ಕಂಡು ಮತ್ತೆ ಹೇಸಿಗೆ. ಒಂದರ ತಳದಲ್ಲಿ ಇನ್ನೊಂದು. ಎದ್ದುಹೋಗಿ ನಲ್ಲಿಯ ಕೆಳಗೆ ಬಾಯಿ ಮುಕ್ಕಳಿಸಿದ. ನೀರು ಪಾಚಿ ನಾತ ಹೊಡೆಯಿತು.

ಮಧ್ಯಾಹ್ನ ಮನೆಗೆ ನಡೆಯುವಾಗ ಮಾತು ಜೋಡಿಸಿಕೊಂಡ. ‘ಮನಿ ನಂದು. ಅವರಿಗೇ ಕೊಡಾಂವ.’ ಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟು ಹೇಳಿದ. ಸೈಕಲ್ಲಿನ ಮೇಲೆ ಬರುತ್ತಿದ್ದವನೊಬ್ಬ ತನಗೇ ಏನೋ ಅಂದರೆಂದು ಬ್ರೇಕು ಹಾಕಿದ. ವಿಶ್ವರಾಧ್ಯ ಏನಿಲ್ಲವೆಂದು ತಲೆಯಾಡಿಸಿದ. ಮಾತು ಗಟ್ಟಿಯಾಗಿದೆ ಅನ್ನಿಸಿತು. ಜೈಭೀಮನಿಗೆ ಫೋನ್ ಮಾಡಬಹುದು; ಮೊದಲು ಸೌಭಾಗ್ಯಳಿಗೆ ಹೇಳಬೇಕು.

ಗೇಟು ತೆಗೆದ. ಹೊರಗಿನ ಮೆಟ್ಟಿಲುಗಳ ಮೇಲಿಂದ ನೀರು ಇಳಿಯುತ್ತಿತ್ತು. ಫಿನಾಯಿಲಿನ ಘಾಟು ಮೂಗಿಗೆ ಹೊಡೆಯಿತು. ಮೇಲೆ ಯಾರೋ ನೆಲವನ್ನು ಗರಗರ ತಿಕ್ಕುತ್ತಿದ್ದರು.

‘ನಿಲ್ರಿ, ಮ್ಯಾಲ ಬರಬ್ಯಾಡ್ರಿ,’ ಎಂದು ಸೌಭಾಗ್ಯ ಮೇಲಿನಿಂದ ಇಣುಕಿದಳು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿದ್ದಳು, ಮುಖ ಬೆವತಿತ್ತು. ‘ಜಾರ್ತದ.’

‘ಖಾಲಿ ಮನಿ ಯಾಕ ತೊಳಿಯಾಕತ್ತಿ?’

‘ಧೂಳ ಆಗಿತ್ತು.’

ಅವನು ಬಾಯಿ ತೆರೆದ.

‘ಹಂಗ್ಯಾಕ ನಿಂತ್ರಿ? ಕಸಬಾರಿಗಿ ಅಲ್ಲೇ ಅದ. ಅಂಗಳದಾಗಿನ ನೀರು ಹೊರಗ ದೂಡ್ರಿ, ನಿಂತು ನಾರ್ತದ.’

ಅವನು ಚಪ್ಪಲಿ ಕಳಚಿ ಒಣನೆಲದಲ್ಲಿ ಜೋಡಿಸಿಟ್ಟ. ಪ್ಯಾಂಟು ಮಡಚಿಕೊಂಡ. ಕಸಬರಿಗೆ ಕೈಗೆ ಬಂತು.

ನೀರು ಹಾಲಿನಂತೆ ಬೆಳ್ಳಗಿತ್ತು. ಅದನ್ನು ಗೇಟಿನವರೆಗೆ ದೂಡಿದ. ಊರವರು ಹೊಸದಾಗಿ ಹಾಕಿಸಿಕೊಂಡ ಸಿಮೆಂಟ್ ರಸ್ತೆ ಅಂಗಳಕ್ಕಿಂತ ಎತ್ತರವಾಗಿತ್ತು. ನೀರು ಅದರ ಅಂಚಿಗೆ ತಾಗಿ, ಒಂದು ಗಳಿಗೆ ನಿಂತು, ತಿರುಗಿ ಬಂದು ಅವನ ಪಾದಗಳನ್ನು ಸುತ್ತಿಕೊಂಡಿತು. ಅವನು ಇನ್ನೂ ಜೋರಾಗಿ ದೂಡಿದ. ಮತ್ತೆ ಬಂತು. ಮೇಲೆ ಸೌಭಾಗ್ಯ ಇನ್ನೊಂದು ಕೊಡ ಸುರುವಿದಳು.