ಅಳತೆಗೆ ಹೋದ ಕುಬಸ

ಹಳಿಯಾಳದ ಸಂತೆಯಲ್ಲಿ ಹಗ್ಗದ ರಾಶಿಯ ಹಿಂದೆ ಕೂತು ಸುಶೀಲವ್ವ ಅವ್ವನನ್ನೇ ನೋಡುತ್ತಿದ್ದಳು. ಮೆಣಸಿನಕಾಯಿ ತರುತ್ತೇನೆಂದು ಹೋದ ಕಾಶೆವ್ವ ಮೆಣಸಿನಕಾಯಿ ಸಾಲಿನ ಕಡೆ ಮುಖವನ್ನೂ ಹಾಕಿರಲಿಲ್ಲ. ಬೇವಿನ ಗಿಡದ ಕೆಳಗೆ ಒಬ್ಬನ ಜೊತೆ ನಿಂತಿದ್ದಳು. ಮೀಸೆ ಬಂದ ಹುಡುಗ, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಅವ್ವ ಅತ್ತಿತ್ತ ನೋಡಿ, ಸೆರಗಿನೊಳಗಿಂದ ಏನೋ ತೆಗೆದು ಅವನ ಕೈಗಿಟ್ಟಳು. ಅದು ತನ್ನದೇ ಹಸಿರು ಕುಬಸ! ಬೆಳಿಗ್ಗೆಯಿಂದ ಮನೆಯೆಲ್ಲ ಹುಡುಕಿ ಸಾಕಾಗಿದ್ದಳು.

ಮಗಳ ಕುಬಸವನ್ನು ಪರಗಂಡಸಿನ ಕೈಗೆ ಯಾರಾದರೂ ಸುಮ್ಮನೆ ಕೊಡುತ್ತಾರೆಯೇ? ಮದುವೆಯ ಬಟ್ಟೆ ಹೊಲಿಸಲು, ಅಳತೆಗೆಂದು ಕೊಡುತ್ತಾರೆ. ಹೋದ ವರ್ಷ ಗೆಳತಿ ಮಾಲವ್ವನ ಕುಬಸವೂ ಹೀಗೇ ಮಾಯವಾಗಿತ್ತು. ತಿಂಗಳೊಳಗೆ ಅವಳಿಗೆ ಅರಿಷಿಣ ಹಚ್ಚಿ, ಶಾಲೆ ಬಿಡಿಸಿ, ಗಂಡನ ಮನೆಗೆ ಸಾಗಹಾಕಿದ್ದರು. ಸುಶೀಲವ್ವ ಈ ಸಲ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರುವವಳು. ಪಾಸಾದರೆ ಹಳಿಯಾಳದ ಹೈಸ್ಕೂಲಿಗೆ ಕಳಿಸುತ್ತೇನೆಂದು ಅಪ್ಪ ಶೇಖಪ್ಪ ಮಾತು ಕೊಟ್ಟಿದ್ದ.

"ಅವ್ವಾ, ನನ್ನ ಹಸರ ಕುಬಸ ಕಂಡೀಯೇನು?" ಮನೆಗೆ ಬಂದ ಮೇಲೆ ಬೇಕೆಂದೇ ಕೇಳಿದಳು.

"ಇಲಿ ಎಳಕೊಂಡು ಹೋಗಿರಬೇಕು ತಗೋ," ಎಂದಳು ಕಾಶೆವ್ವ, ಕಣ್ಣು ಸಹ ಪಿಳುಕಿಸದೆ.

ಇಲಿಯಂತೆ ಇಲಿ! ಧೋತರ ಉಟ್ಟು ಬೇವಿನ ಗಿಡದ ಕೆಳಗೆ ನಿಂತಿದ್ದ ಇಲಿ!

ಅಂದಿನಿಂದ ಸುಶೀಲವ್ವನಿಗೆ ಅವ್ವ ಮಾಡಿದ್ದೆಲ್ಲ ಕಳ್ಳಾಟವಾಗಿಯೇ ಕಂಡಿತು. ರೊಟ್ಟಿಗೆ ಎರಡು ಹನಿ ತುಪ್ಪ ಹೆಚ್ಚು ಬಿದ್ದರೆ, ಕೊಡುವ ಹುಡುಗಿ ಮೈ ತುಂಬಿಕೊಳ್ಳಲೆಂದು. "ಬಿಸಲಾಗ ಅಡ್ಡಾಡಬ್ಯಾಡಬೇ, ಕರ್ರಗಾಗ್ತಿ" ಎಂದರೆ, ವರನ ಕಡೆಯವರು ನೋಡಲು ಬರುತ್ತಾರೆಂದು. ತಲೆ ಬಾಚುತ್ತ ಅವ್ವ ಏನೋ ಹೇಳಲು ಬಾಯಿ ತೆಗೆದು, ಅಪ್ಪನ ತಾಯಿ ಈರಕ್ಕ ಒಳಗೆ ಬಂದ ಕೂಡಲೇ ಗಪ್ಪಾದಳು. ಹೆತ್ತವಳೇ ಹೀಗೆ ಮಾಡಿದರೆ ಯಾರನ್ನು ನಂಬುವುದು? ಸಿಟ್ಟಿಗಿಂತ ಹೆಚ್ಚು ದುಃಖವಾಗುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಅಪ್ಪಾ, ಅವ್ವ ನನ್ನ ಮದಿವಿ ಗೊತ್ತ ಮಾಡ್ಯಾಳ. ಸಂತ್ಯಾಗ ಒಬ್ಬಾಂವಗ ನನ್ನ ಕುಬಸ ಕೊಟ್ಟಾಳ. ನಾನ ಕಣ್ಣಾರೆ ನೋಡೇನಿ. ಹುಬ್ಬಿನ ಮ್ಯಾಲೆ ಗಾಯ ಐತಿ ಅವಗ."

ಶೇಖಪ್ಪ ತಲೆ ಎತ್ತಲಿಲ್ಲ. ಈರಕ್ಕ ಮಾತ್ರ ತಾಟು ದೂಡಿ ಎದ್ದು ನಿಂತಳು.

"ಏನ ಕಾಶೆವ್ವಾ, ಇನ್ನೂ ಅವನ್ನ ಕಾಣಾಕ ಹೋಗ್ತೀಯೇನು? ಉಡಿಕಿ ಆಗಿ ಈ ಮನಿಗೆ ಬರೂ ಮುಂದ ದೈವದ ಹಿರಿಯಾರ ಮುಂದ ಏನ ಮಾತ ಕೊಟ್ಟಿದ್ದಿ? ಆ ಮನಿ ಕೂಸು ಆ ಮನಿಗೇ ಅಂದಿದ್ದಿಲ್ಲ?"

ಉಡಿಕೆ! ಗಂಡ ಸತ್ತವಳು ಎರಡನೆಯವನ ಕೈ ಹಿಡಿಯುವುದು ಊರಲ್ಲಿ ಹೊಸದೇನಲ್ಲ. ಮೊದಲನೆಯವನ ಮಕ್ಕಳು ಅವನ ಮನೆಯಲ್ಲೇ ಉಳಿಯುವುದೂ ಹೊಸದಲ್ಲ. ತನ್ನ ಅವ್ವನೂ ಹಾಗೆ ಬಂದವಳೆಂದು ಸುಶೀಲವ್ವನಿಗೆ ಯಾರೂ ಹೇಳಿರಲಿಲ್ಲ.

"ನಿನ್ನ ಮದಿವಿ ಅಲ್ಲ, ಹುಚ್ಚಿ," ಎಂದಳು ಕಾಶೆವ್ವ. "ಅವಂದು. ಅಂವ ನಿಮ್ಮಣ್ಣ, ಶಿವಲಿಂಗಪ್ಪ. ದಾಂಡೇಲಿ ನಾಟಾ ಡಿಪೋದಾಗ ದುಡೀತಾನ. ಮದುಮಗನ ಹಿಂದ ಕಳಸ ಹಿಡಿಯೂ ಕಳಸಗಿತ್ತಿ ಆಗಾಕ ಆ ಮನ್ಯಾಗ ಅಕ್ಕತಂಗೇರಿಲ್ಲ ಅವಗ. ಬ್ಯಾರೇದವರನ್ನ ಒಲ್ಲೆ, ನನ್ನ ತಂಗೀನ ಕಳಸ ಹಿಡೀಲಿ ಅಂದ. ಕಳಸಗಿತ್ತಿಗೂ ಹೊಸಾ ಕುಬಸ ಹೊಲಸಬೇಕಲ್ಲ, ಅದಕ್ಕ ಅಳತಿ ಕೊಟ್ಟೆ. ನಿನಗ ಇವತ್ತ ಹೇಳೂಣು, ನಾಳಿ ಹೇಳೂಣು ಅಂತ…"

"ಪ್ರತಿ ಸಂತಿಗೂ ಮಗನ್ನ ಕಾಣ್ತಾಳಂತ ನನಗ ಗೊತ್ತಿತ್ತು," ಎಂದ ಶೇಖಪ್ಪ ಮೆಲ್ಲಗೆ. "ಗೊತ್ತಿಲ್ಲಧಂಗ ಇದ್ದೆ. ಈಗ ಎಲ್ಲಾರ ಮುಂದ ಬಂತು."

ಅಂದಿಗೆ ಕಾಶೆವ್ವನ ಸಂತೆ ನಿಂತಿತು. ಈರಕ್ಕ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಮಗಳಿಗೆ ಕಾಶೆವ್ವ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಸುಶೀಲವ್ವನಿಗೆ.

"ನಾ ಕಳಸ ಹಿಡಿಯಾಕ ಹೋಗ್ತೇನಿ," ಎಂದು ಅವಳೇ ಹಟ ಹಿಡಿದಳು. ಮದುವೆಯ ದಿನ ಶೇಖಪ್ಪ ಚಕ್ಕಡಿ ಹೂಡಿದ. ಈರಕ್ಕ ಕೂಗಾಡಿದಳು.

"ಹುಡುಗಿ ಅಷ್ಟ ಹೋಗ್ತಾಳಬೇ. ಕಾಶೆವ್ವ ಬರೂದಿಲ್ಲ. ಸಾಕಲ್ಲಾ?" ಎಂದ ಅವನು.

ಉಡಿಕೆಯಾದವಳು ಹಂದರದಲ್ಲಿ ಕಾಲಿಡುವಂತಿರಲಿಲ್ಲ, ಮಗನ ಮದುವೆಯಾದರೂ ಅಷ್ಟೇ. ಕಾಶೆವ್ವ ಮಗಳ ಹೆರಳಿಗೆ ಹೂ ಮುಡಿಸಿ, "ಕಳಸ ಗಟ್ಟಿ ಹಿಡಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಹಂದರ ತುಂಬಿತ್ತು. ಬಾಸಿಂಗ ಕಟ್ಟಿದ ಶಿವಲಿಂಗಪ್ಪನ ಹಿಂದೆ ಸುಶೀಲವ್ವ ನೀರು ತುಂಬಿದ ಕಳಸ ಹಿಡಿದು ನಿಂತಳು. ಹೆಂಗಸರ ಸಾಲಿನಿಂದ ಯಾರೋ ಕೇಳಿದರು: "ಈ ಕಳಸಗಿತ್ತಿ ಯಾರ ಮಗಳಬೇ?"

"ನಮ್ಮ ದೂರದ ಪೈಕಿ," ವರನ ಚಿಗವ್ವ ಗಡಿಬಿಡಿಯಿಂದ ಅಂದಳು. ಕಾಶೆವ್ವ ಆ ಮನೆ ಬಿಟ್ಟ ಮೇಲೆ ಅಲ್ಲಿ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಸುಶೀಲವ್ವ ಕಳಸವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸುಮ್ಮನಿದ್ದರೆ ಮದುವೆ ಸಸೂತ್ರ ಮುಗಿಯುತ್ತಿತ್ತು.

"ದೂರದಾಕಿ ಅಲ್ಲರೀ. ನಾ ಕಾಶೆವ್ವನ ಮಗಳು. ಇವರು ನಮ್ಮಣ್ಣ."

ಅಯ್ಯನವರ ಮಂತ್ರ ಅರ್ಧಕ್ಕೆ ನಿಂತಿತು. ಶಿವಲಿಂಗಪ್ಪ ಹಿಂತಿರುಗಿ ನೋಡಲಿಲ್ಲ. ನಿಂತಲ್ಲಿಂದ ಒಂದು ಹೆಜ್ಜೆ ಸರಿದು, ತನ್ನ ಪಕ್ಕದಲ್ಲಿ ತಂಗಿಗೆ ಜಾಗ ಮಾಡಿದ.