ಶಂಖ ಊದಿದ ಮೇಲಿನ ಎಣಿಕೆ

ಎಡವಟ್ಟು ನನ್ನದೇ. ನಾನು ಓದು ಕಲಿಸುವ ಊರಿನ ಪುಸ್ತಕದ ಕೋಣೆಯಿಂದ ಏನಾದರೂ ಉಪಯೋಗವಾಯಿತೇ ಎಂದು ಅಳೆಯಲು ನಮ್ಮ ದ್ವೀಪದೇಶದ ರಾಜಧಾನಿ ಆಪಿಯಾದ ಸಂಸ್ಥೆಯವರು ಹೇಮಿಶ್ ಎಂಬ ಹೊರದೇಶದವನನ್ನು ಕಳಿಸುವುದಿತ್ತು. ಓದುವವರು ಮೂವತ್ತಕ್ಕೆ ಒಬ್ಬರು ಕಡಿಮೆಯಾದರೂ ಕೋಣೆಗೆ ಬೀಗ, ಪುಸ್ತಕಗಳೆಲ್ಲ ಬೇರೆ ಊರಿನ ಪಾಲು. ‘ಜನ ಹೆಚ್ಚು ಓದುವ ಹೊತ್ತು ಯಾವುದು?’ ಎಂದು ಕೇಳಿದ್ದಕ್ಕೆ ನಾನು ಸಂಜೆ ಆರೂವರೆ ಎಂದು ಬರೆದಿದ್ದೆ. ಸುಳ್ಳೇನಲ್ಲ. ಆರೂವರೆಗೆ ಶಂಖ ಊದುತ್ತಾರೆ, ಮನೆಮನೆಯಲ್ಲೂ ಪ್ರಾರ್ಥನೆ, ಬೈಬಲ್ ಓದು. ಅದು ಮುಗಿಯುವವರೆಗೆ ರಸ್ತೆಯಲ್ಲಿ ನರಪಿಳ್ಳೆಯೂ ಅಡ್ಡಾಡುವಂತಿಲ್ಲ. ಇದನ್ನೂ ಬರೆಯಬೇಕೇ? ಯಾರಿಗೆ ಗೊತ್ತಿಲ್ಲ?

ಹೇಮಿಶನಿಗೆ ಗೊತ್ತಿರಲಿಲ್ಲ. ನೆಟ್ಟಗೆ ಕೋಣೆಗೇ ಬಂದು, ಖಾಲಿ ಬೆಂಚು ನೋಡಿ, ಹಾಳೆಯ ಮೇಲೆ ಸೊನ್ನೆ ಸುತ್ತಿದ.

“ಒಬ್ರೂ ಇಲ್ವಲ್ಲ, ಫುವಾತಿನೋ?”

“ಇಲ್ಲಿ ಕಲೀತಾರೆ, ಮನೇಲಿ ಓದ್ತಾರೆ ಮಾರಾಯಾ! ನಡಿ, ತೋರಿಸ್ತೀನಿ.”

ಹೊರಗೆ ಕಾಲಿಡುವಷ್ಟರಲ್ಲಿ ಶಂಖ ಮೊಳಗಿತು. ಪ್ರಾರ್ಥನೆಯ ಹೊತ್ತಿಗೆ ರಸ್ತೆ ಕಾಯುವ, ಕೋಲು ಹಿಡಿದ ಕಾವಲಿನವರು ಕಣ್ಣು ಕೆಂಪಗೆ ಮಾಡಿದರು. ನಾನು ಹೇಮಿಶನನ್ನು ದರದರನೆ ಎಳೆದು ಪಕ್ಕದ ನನ್ನ ಮನೆಯ ಚಾಪೆಯ ಮೇಲೆ ಕೂರಿಸಿದೆ.

“ಈಗ ಕಿವಿಗೊಟ್ಟು ಕೇಳು, ಎಣಿಸು,” ಎಂದು ಪಿಸುಗುಟ್ಟಿದೆ.

ನಮ್ಮ ಮನೆಗಳಿಗೆ ಕಂಬವುಂಟು, ಗೋಡೆಯಿಲ್ಲ; ಊರಿನ ದನಿಯೆಲ್ಲ ಕೇಳುತ್ತದೆ. ಹಾಡು ನಿಂತು ಓದು ಶುರುವಾಯಿತು. ಮನೆಗೆ ಇಬ್ಬರು, ಮೂವರು, ಸರದಿಯ ಮೇಲೆ. ಹೋದ ವರ್ಷ ಇಷ್ಟು ದನಿಗಳೆಲ್ಲಿದ್ದವು! ಹೇಮಿಶ್ ಗೆರೆ ಎಳೆದದ್ದೇ ಎಳೆದದ್ದು. ದೇವರು ಕ್ಷಮಿಸಲಿ, ಪ್ರಾರ್ಥನೆ ಬಿಟ್ಟು ನಾನೂ ಬೆರಳು ಮಡಿಸುತ್ತಿದ್ದೆ.

ಎಣಿಕೆ ಇಪ್ಪತ್ತೊಂಬತ್ತಕ್ಕೆ ನಿಂತಿತು.

ಉಳಿದದ್ದು ಪಕ್ಕದ ಮನೆಯ ಲೌತಾಫಿ ತಾತ ಮಾತ್ರ. “ಓದಿದ್ರೆ ಹೊಟ್ಟೆ ತುಂಬ್ತದೇನೇ?” ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ ಆಸಾಮಿ. ಬೈಬಲ್ ತಲೆಕೆಳಗಾಗಿ ಹಿಡಿದು, ಬಾಯಿಪಾಠವನ್ನು ಪಟಪಟನೆ ಒಪ್ಪಿಸುತ್ತಾನೆಂದು ಊರಿಗೆಲ್ಲ ಗೊತ್ತು. ಅವನನ್ನು ಹೇಗೆ ಎಣಿಸುವುದು? ಮುಗೀತು ಕಥೆ ಅಂದುಕೊಂಡೆ. ಅಷ್ಟರಲ್ಲಿ ತಾತನ ಮನೆಯಿಂದ ದನಿ ಬಂತು.

“ಕ... ಕರ್ತನು... ನನ್ನ... ಕು... ಕುರು...”

“ಯಾರಿದು? ಇಷ್ಟು ತಡವರಿಸೋದನ್ನ ಓದು ಅನ್ನೋಕಾಗಲ್ಲ,” ಎಂದು ಹೇಮಿಶ್ ಪೆನ್ನು ಮುಚ್ಚಿದ.

ನಾನು ಅವನ ಪೆನ್ನಿಗೆ ಕೈಹಾಕಿದೆ. “ಅಯ್ಯೋ ಪೆದ್ದಾ! ಐವತ್ತು ವರ್ಷ ಗಿಳಿಯ ಹಾಗೆ ಒಪ್ಪಿಸಿದವನು ಅವನು, ಒಂದು ದಿನ ತಡವರಿಸಿಲ್ಲ. ಇವತ್ತು ಓದ್ತಿದಾನೆ ಕಣೋ, ಅದಕ್ಕೇ ತಡವರಿಸ್ತಿದಾನೆ!”

ಪ್ರಾರ್ಥನೆಯ ಹೊತ್ತಿನಲ್ಲಿ ಕಿರುಚಿಬಿಟ್ಟಿದ್ದೆ.

“ಫುವಾತಿನೋ, ಬಾಯ್ಮುಚ್ಚೇ!” ತಾತ ಗದರಿದ. “ಯಾವ ಸಾಲಲ್ಲಿದ್ದೆ ಅನ್ನೋದೇ ತಪ್ಪಿಹೋಯ್ತು ನಂಗೆ. ಇನ್ನು ಮೊದಲಿಂದ ಹುಡುಕ್ಬೇಕು.”

ಹೇಮಿಶ್ ಪೆನ್ನಿನ ಮುಚ್ಚಳ ತೆಗೆದು ಮೂವತ್ತನೇ ಗೆರೆ ಎಳೆದ.