ಹಲಗೆಯ ಮೇಲಿನ ಪಾನಾ

"ಖಾಲಿ ಜಾಗ ತುಂಬ್ಯಾದ್ರಿ ಸಾಹೇಬ್ರ. ನೀವ್ಯಾಕ ಚಿಂತಿ ಮಾಡ್ತೀರಿ?"

ಹುಮನಾಬಾದಿನ ಅಂಚೆ ಕಚೇರಿಯ ಟ್ರಂಕ್ ಕಾಲ್‌ನಲ್ಲಿ ಮುಂಬಯಿಯ ಶೆಡ್ಡಿನಲ್ಲಿ ತನ್ನ ಕೈಕೆಳಗಿದ್ದ ದಿಗಂಬರನ ಧ್ವನಿ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು. ದೇವಿಂದ್ರಪ್ಪ ರಿಸೀವರನ್ನು ಕಿವಿಗೆ ಒತ್ತಿಕೊಂಡ.

"ಅದೇ ಪಾನಾ ಸಿಕ್ತೇನು?"

"ಅದಲ್ರಿ. ಬಜಾರದಾಗಿಂದು ತಂದು ತೂಗಹಾಕೀವಿ. ಅಳತಿ ಅದೇ ಅದ."

ವಿಮಾನ ದುರಸ್ತಿಯ ಶೆಡ್ಡಿನಲ್ಲಿ ಒಂದು ಹಲಗೆ. ನಟ್ಟು ಬಿಚ್ಚುವ ಪ್ರತಿಯೊಂದು ಪಾನಾದ ಆಕಾರವನ್ನೂ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆದಿದೆ. ಕೆಲಸ ಮುಗಿದ ಮೇಲೆ ಒಂದು ಕಪ್ಪು ಆಕಾರ ಬಯಲಾಗಿ ಉಳಿದರೂ ವಿಮಾನ ಹೊರಡಕೂಡದು. ಪಾನಾ ಒಳಗೆಲ್ಲೋ ಉಳಿದಿದೆ ಎಂದರ್ಥ. ದೇವಿಂದ್ರಪ್ಪ ಸೇರಿದ ಹೊಸದರಲ್ಲಿ ಒಂದು ಸ್ಕ್ರೂಡ್ರೈವರಿಗಾಗಿ ಇಡೀ ರೆಕ್ಕೆ ಬಿಚ್ಚಿಸಿದ್ದರು. ಈಗೀಗ ಯಾರೂ ಹುಡುಕುವುದಿಲ್ಲ. ಕಪ್ಪು ಮುಚ್ಚಿದರೆ ಸಾಕು.

ಮೊನ್ನೆ ರಜೆಗೆ ಹೊರಡುವ ಅವಸರದಲ್ಲಿ ಎಡ ರೆಕ್ಕೆಯೊಳಗೆ ಕೈಯಿಟ್ಟವನು ಅವನೇ. ರೈಲಿನಲ್ಲಿ ಕಣ್ಣು ಮುಚ್ಚಿದಾಗ ಪಾನಾ ಕಂಡಿತ್ತು, ಅವನು ಇಟ್ಟಲ್ಲೇ, ಉಕ್ಕಿನ ತಂತಿಗಳ ಪಕ್ಕದಲ್ಲಿ. ಒಂದು ಓಲಾಟಕ್ಕೆ ಸರಿದರೆ ತಂತಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ರೆಕ್ಕೆ ಪೈಲಟನ ಮಾತು ಕೇಳುವುದಿಲ್ಲ.

"ಎಡ ರೆಕ್ಕಿ ತಗದು ನೋಡ್ರಿ ಅಂತ ದೊಡ್ಡ ಸಾಹೇಬ್ರಿಗೆ ಹೇಳು."

"ಹೇಳ್ತೀನ್ರಿ. ಯಾರ ಕೈಯಾಂದು ಅಂತ ಕೇಳಿದ್ರ?" ದಿಗಂಬರ ನಕ್ಕ. "ಹೋಗೋದು ನಿಮ್ಮ ಲೈಸೆನ್ಸ್. ನಮ್ಮೂರು ಘಾಟಬೋರಾಳದಾಗ ಜ್ವಾಳ ಕೊಯ್ಯಾಕ ಆಳು ಬೇಕಾಗ್ಯಾವ, ಬರ್ತೀರೇನು?"

ದೇವಿಂದ್ರಪ್ಪನ ಅಪ್ಪ ಜೋಳ ಕೊಯ್ದೇ ಅವನನ್ನು ಓದಿಸಿದ್ದ.

"ವಿಮಾನ ಎಲ್ಲದ?"

"ಹಾರಾಕತ್ತದ್ರಿ. ಸಂಜಿಗಿ ಮತ್ತ ಹೋಗ್ತದ."

"ನೋಡೋಣು."

ಏನನ್ನು ನೋಡುವುದೆಂದು ದಿಗಂಬರ ಕೇಳಲಿಲ್ಲ. ಲೈನು ಕಡಿಯಿತು.

"ಮತ್ತೊಂದು ಹಚ್ಲೇನ್ರಿ?" ಎಂದ ಗುಮಾಸ್ತ. ನೇರವಾಗಿ ದೊಡ್ಡ ಸಾಹೇಬರಿಗೇ ಹೇಳಬಹುದಿತ್ತು. ಹೊರಗೆ ಬಸ್ಸಿನ ಹಾರ್ನು ಕೇಳಿತು.

"ಕಲ್ಯಾಣದಿಂದ ಮಾಡ್ತೀನಿ."

ಅಕ್ಕನ ಊರು ಕಲ್ಯಾಣದಲ್ಲಿ ಬಸ್ಸಿಳಿದಾಗ ಅಂಚೆ ಕಚೇರಿಯ ಬಾಗಿಲು ತೆರೆದೇ ಇತ್ತು. ಕಾಲುಗಳು ಅದರ ಮುಂದೆಯೇ ಹಾದುಹೋದವು. ಬೇರೆ ಯಾರದೋ ಕಾಲುಗಳನ್ನು ನೋಡುವಂತೆ ಅವನು ಅವನ್ನು ನೋಡಿದ.

ಅಕ್ಕ ಅಂಬುಬಾಯಿಯ ಮಗಳಿಗೆ ಅಂದು ನಿಶ್ಚಯ.

"ಬಂದೇನು ತಮ್ಮಾ! ಬೀಗರು ನಿನ್ನ ಹೆಸರು ಕೇಳೇ ಒಪ್ಯಾರ ನೋಡು." ಅವಳು ಬೀಗರತ್ತ ತಿರುಗಿದಳು. "ನಮ್ಮ ದೇವಿಂದ್ರ ಹ್ಞೂಂ ಅಂದ್ರನೇ ವಿಮಾನ ಏಳೋದ್ರಿ."

"ಒಮ್ಮಿ ನಮಗೂ ಹತ್ತಿಸ್ರಲ್ಲ," ಎಂದರು ಬೀಗರು. "ಬೀಳಂಗಿಲ್ಲ ಹೌದಿಲ್ಲೋ?"

"ಇಲ್ರಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಗೋಡೆಯತ್ತ ನೋಡಿದ. ಅಲ್ಲಿ ಸದಾ ಇರುತ್ತಿದ್ದ ಅಪ್ಪನ ಫೋಟೊ ಇರಲಿಲ್ಲ.

"ಗಾಜು ಒಡದದ," ಎಂದಳು ಅಕ್ಕ ಮೆಲ್ಲಗೆ. "ಮಂದಿ ಬರೋ ಹೊತ್ತಿನಾಗ ಗೋಡಿ ಬೋಳು ಕಾಣಬಾರ್ದಂತ ನಿಂದೇ ತೂಗಹಾಕೀನಿ."

ಅದೇ ಮೊಳೆ. ವಿಮಾನದ ಮುಂದೆ ಯೂನಿಫಾರ್ಮಿನಲ್ಲಿ ನಿಂತ ದೇವಿಂದ್ರಪ್ಪ. ಅಳತೆ ತುಸು ಚಿಕ್ಕದು. ಹೊಗೆ ಹಿಡಿದ ಸುಣ್ಣದ ಗೋಡೆಯಲ್ಲಿ, ಅವನ ನಾಲ್ಕೂ ಬದಿಗೆ, ಅಪ್ಪನ ಚೌಕಟ್ಟು ಬಿಟ್ಟುಹೋದ ಬಿಳಿಯ ಅಂಚು ಕಾಣುತ್ತಿತ್ತು.